ಉಳಿಸಲೆಂದು ಸುಟ್ಟವರು

1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯೊಂದರಲ್ಲಿ ಮೂಳೆ ಚಕ್ಕಳವಾಗಿ ಮಲಗಿದ್ದ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಮ್ಸನ್‌ಗೆ ಇನ್ಸುಲಿನ್ ಚುಚ್ಚಿದರು. ಮೊದಲ ಸಲ ಕೊಟ್ಟದ್ದು ಕೈಕೊಟ್ಟಿತು. ಹನ್ನೆರಡು ದಿನ ಬಿಟ್ಟು, ಶುದ್ಧಗೊಳಿಸಿ ಕೊಟ್ಟದ್ದು ಫಲಿಸಿತು. ಹುಡುಗ ಎದ್ದು ಕೂತ. ಇನ್ಸುಲಿನ್ನಿನ ಕಥೆಯನ್ನು ಇಲ್ಲಿಗೇ ಮಂಗಳ ಹಾಡಿ ಮುಗಿಸುವುದು ರೂಢಿ. ಕಣ್ಣಿನ ವೈದ್ಯರಿಗೆ ಮಾತ್ರ ಕಥೆ ಶುರುವಾಗುವುದೇ ಇಲ್ಲಿಂದ.

ಅಲ್ಲಿಯವರೆಗೆ ಸಕ್ಕರೆ ಕಾಯಿಲೆ ಬಂದ ಮಕ್ಕಳು ಒಂದೆರಡು ವರ್ಷದಲ್ಲಿ ತೀರಿಕೊಳ್ಳುತ್ತಿದ್ದರು. ಕಣ್ಣು ಕೆಡುವಷ್ಟು ಕಾಲ ಆ ಮಕ್ಕಳಲ್ಲಿ ಯಾರೂ ಬದುಕುತ್ತಿರಲಿಲ್ಲ. ಇನ್ಸುಲಿನ್ ಅವರನ್ನು ಬದುಕಿಸಿತು, ಓದಿಸಿತು, ಮದುವೆ ಮಾಡಿಸಿತು. ಹದಿನೈದು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, ಮೂವತ್ತರ ಆಸುಪಾಸಿನ ಆ ತರುಣ ತರುಣಿಯರು ಒಬ್ಬೊಬ್ಬರಾಗಿ ಕುರುಡಾಗತೊಡಗಿದರು. ಬಾಸ್ಟನ್ನಿನಲ್ಲಿ ಮಧುಮೇಹಿಗಳಿಗೆಂದೇ ಕ್ಲಿನಿಕ್ ನಡೆಸುತ್ತಿದ್ದ ಎಲಿಯಟ್ ಜಾಸ್ಲಿನ್, ಇಪ್ಪತ್ತೈದು ವರ್ಷ ಈ ಕಾಯಿಲೆಯೊಡನೆ ಬಾಳಿಯೂ ಕಣ್ಣು, ರಕ್ತನಾಳ ಕೆಡದವರಿಗೆ ಪದಕ ಕೊಡುವ ಪದ್ಧತಿ ಇಟ್ಟಿದ್ದರು. ರೋಗಿಗೆ ವೈದ್ಯ ಪದಕ ಕೊಡುತ್ತಾನೆಂದರೆ, ಅಂಥವರು ಎಷ್ಟು ವಿರಳ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಸಕ್ಕರೆಗೂ ಕಣ್ಣಿಗೂ ನಂಟಿದೆ ಎಂಬ ಗುಮಾನಿ ಹಳೆಯದೇ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನ ಒಳಗೋಡೆಯನ್ನು, ಅಂದರೆ ಅಕ್ಷಿಪಟಲವನ್ನು, ನೋಡುವ ಉಪಕರಣವನ್ನು ಲೋಕಕ್ಕೆ ಕೊಟ್ಟ ನಾಲ್ಕೇ ವರ್ಷಕ್ಕೆ, ವಿಯೆನ್ನಾದ ಎಡ್ವರ್ಡ್ ಯೇಗರ್ ಮಧುಮೇಹಿಯೊಬ್ಬನ ಅಕ್ಷಿಪಟಲದ ನಟ್ಟನಡುವೆ ಹಳದಿ ಕಲೆ, ರಕ್ತದ ಚುಕ್ಕೆಗಳನ್ನು ಕಂಡು ಚಿತ್ರ ಬರೆದಿಟ್ಟ. ಆ ಕಾಲದ ಕಣ್ಣಿನ ವೈದ್ಯರಲ್ಲಿ ದೊಡ್ಡ ಹೆಸರಾದ ಬರ್ಲಿನ್ನಿನ ಫಾನ್ ಗ್ರೇಫೆ ಇದನ್ನು ಒಪ್ಪಲಿಲ್ಲ. ಆಗಿನ ಮಧುಮೇಹಿಗಳಲ್ಲಿ ಕಣ್ಣು ಕೆಡುವಷ್ಟು ಕಾಲ ಬದುಕುತ್ತಿದ್ದವರು ಬಹುಪಾಲು ವಯಸ್ಸಾದವರೇ. ಕೆಟ್ಟದ್ದು ಸಕ್ಕರೆಯಿಂದಲೋ, ರಕ್ತದೊತ್ತಡದಿಂದಲೋ, ಮುಪ್ಪಿನಿಂದಲೋ ಎಂಬ ಜಗಳ ಹಲವು ದಶಕ ನಡೆಯಿತು. ಇನ್ಸುಲಿನ್ ಉಳಿಸಿದ ಎಳೆಯರ ಕಣ್ಣುಗಳು ಆ ಜಗಳವನ್ನು ತೀರಿಸಿದವು.

ಕಾರಣ ತಿಳಿದ ಮಾತ್ರಕ್ಕೆ ಮದ್ದು ಸಿಗಲಿಲ್ಲ. 1953ರಲ್ಲಿ ಡೆನ್ಮಾರ್ಕಿನ ವೈದ್ಯ ಪೌಲ್ಸನ್ ಒಂದು ವಿಚಿತ್ರ ಪ್ರಕರಣವನ್ನು ವರದಿ ಮಾಡಿದರು. ಮಧುಮೇಹದಿಂದ ಕಣ್ಣು ಕೆಟ್ಟಿದ್ದ ಒಬ್ಬ ಹೆಂಗಸು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸತ್ತುಹೋಯಿತು. ಆಮೇಲೆ ನೋಡಿದರೆ ಅಕ್ಷಿಪಟಲದ ರೋಗ ತಾನಾಗಿ ಇಳಿದಿದೆ! ಅರ್ಜೆಂಟೀನಾದ ಹೌಸೇ ನಾಯಿಗಳಲ್ಲಿ ಪಿಟ್ಯುಟರಿ ತೆಗೆದರೆ ಮಧುಮೇಹದ ಉಗ್ರತೆ ತಗ್ಗುತ್ತದೆಂದು ತೋರಿಸಿ 1947ರಲ್ಲಿ ನೊಬೆಲ್ ಪಡೆದಿದ್ದರು. ಎರಡನ್ನೂ ಕೂಡಿಸಿ ನೋಡಿದ ವೈದ್ಯರು, ಕಣ್ಣು ಉಳಿಸಲು ಪಿಟ್ಯುಟರಿಯನ್ನೇ ತೆಗೆಯಲು ಹೊರಟರು.

ಇಂದು ಇದನ್ನು ಓದಿದರೆ ಮೈ ಜುಂ ಎನ್ನುತ್ತದೆ. ಸ್ಟಾಕ್‌ಹೋಮಿನಲ್ಲಿ ತಲೆಬುರುಡೆ ತೆರೆದು ಗ್ರಂಥಿಯನ್ನು ಕಿತ್ತರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೂಗಿನ ಮೂಲಕ ವಿಕಿರಣ ಸೂಸುವ ಯಟ್ರಿಯಂ ಕಡ್ಡಿಗಳನ್ನು ಅದರೊಳಗೆ ನೆಟ್ಟರು. ಅಮೆರಿಕದಲ್ಲಿ ಸೈಕ್ಲೋಟ್ರಾನ್ ಯಂತ್ರದ ಪ್ರೋಟಾನ್ ಕಿರಣಗಳಿಂದ ಸುಟ್ಟರು. ಕೆಲವರ ಕಣ್ಣು ಉಳಿದದ್ದೂ ನಿಜ. ಆದರೆ ಉಳಿದ ಜೀವಮಾನವೆಲ್ಲ ಕಾರ್ಟಿಸೋನ್, ಥೈರಾಯ್ಡ್ ಗುಳಿಗೆ ನುಂಗಬೇಕು. ಮಕ್ಕಳಾಗುವ ಆಸೆ ಬಿಡಬೇಕು. ಇನ್ಸುಲಿನ್ನಿಗೆ ದೇಹ ಎಷ್ಟು ಸೂಕ್ಷ್ಮವಾಗಿಬಿಡುತ್ತದೆಂದರೆ, ತುಸು ಹೆಚ್ಚಾದರೂ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ. ಹಾಗೆ ಸತ್ತವರೂ ಇದ್ದಾರೆ. ಕುರುಡಾಗುವುದು ಖಚಿತ ಎಂದು ತಿಳಿದಿರುವ ಮೂವತ್ತರ ಹರೆಯದವರ ಮುಂದೆ ಬೇರೆ ದಾರಿಯೇ ಕಾಣುತ್ತಿರಲಿಲ್ಲ ಎಂಬುದನ್ನು ಮರೆತು ಆ ವೈದ್ಯರನ್ನು ತೂಗಬಾರದು.

ಇನ್ನೊಂದು ದಾರಿ ಅಷ್ಟರಲ್ಲಾಗಲೇ ತೆರೆದಿತ್ತು. ತೆರೆದವನಿಗೂ ಅದು ಮಧುಮೇಹದ ದಾರಿ ಎಂದು ಗೊತ್ತಿರಲಿಲ್ಲ.

1945ರ ಜುಲೈ. ಯುರೋಪಿನಲ್ಲಿ ಯುದ್ಧ ಮುಗಿದು ಎರಡು ತಿಂಗಳು. ಹ್ಯಾಂಬರ್ಗ್ ನಗರ ಬಾಂಬಿಗೆ ಸಿಕ್ಕು ಅರ್ಧಕ್ಕರ್ಧ ಕಲ್ಲುರಾಶಿ. ಆ ತಿಂಗಳು ಯುರೋಪಿನ ಉತ್ತರ ಭಾಗದಲ್ಲಿ ಸೂರ್ಯಗ್ರಹಣ ಕಂಡಿತು. ಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿ ದೃಷ್ಟಿ ಕೆಡಿಸಿಕೊಂಡ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಅಲ್ಲಿನ ಕಣ್ಣಿನ ಕ್ಲಿನಿಕ್ಕಿಗೆ ಬಂದ. (ನಮ್ಮಲ್ಲಿ 1980ರ ಫೆಬ್ರವರಿಯಲ್ಲಿ ಅಂಕೋಲಾ, ಗದಗ, ರಾಯಚೂರುಗಳ ಮೇಲೆ ಪೂರ್ಣ ಗ್ರಹಣ ಹಾದುಹೋದಾಗ ಜನ ಬಾಗಿಲು ಹಾಕಿಕೊಂಡು ಕೂತದ್ದನ್ನು ವಿಚಾರವಾದಿಗಳು ಗೇಲಿ ಮಾಡಿದ್ದುಂಟು. ಕಣ್ಣಿನ ಮಟ್ಟಿಗಾದರೂ ಬಾಗಿಲು ಹಾಕಿಕೊಂಡವರೇ ಕ್ಷೇಮ.) ಪರೀಕ್ಷಿಸಿದವರು ಗೆರ್ಡ್ ಮೇಯರ್-ಷ್ವಿಕೆರಾತ್ ಎಂಬ ಇಪ್ಪತ್ತೈದರ ಯುವ ವೈದ್ಯ. ವಿದ್ಯಾರ್ಥಿಯ ಅಕ್ಷಿಪಟಲದ ನಡುವೆ ಅಂಚು ತಿದ್ದಿದ ಹಾಗೆ ಒಂದು ಸುಟ್ಟ ಕಲೆ ಇತ್ತು. ಸುಟ್ಟ ಜಾಗ ವಾಸಿಯಾಗುವಾಗ ಗಾಯ ಹಿಂದಿನ ಪದರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾದರೆ ಹರಿದ ಅಕ್ಷಿಪಟಲವನ್ನು ಬೆಳಕಿನಿಂದಲೇ ಬೆಸುಗೆ ಹಾಕಬಹುದಲ್ಲ, ಎಂದು ಅವರಿಗೆ ಹೊಳೆಯಿತು.

ಬಿಸಿಲನ್ನು ಕೇಂದ್ರೀಕರಿಸಿ ಪ್ರಾಣಿಗಳ ಕಣ್ಣಿನೊಳಗೆ ಸುಡುವ ಪ್ರಯೋಗವನ್ನು ಚೆರ್ನಿ ಎಂಬಾತ 1867ರಲ್ಲೇ ಮಾಡಿದ್ದ. ಸುಡುವುದು ರೋಗವಷ್ಟೇ ಅಲ್ಲ, ಚಿಕಿತ್ಸೆಯೂ ಆಗಬಹುದು ಎಂದು ಪಟ್ಟು ಹಿಡಿದವರು ಮೇಯರ್-ಷ್ವಿಕೆರಾತ್. ಮೊದಲು ಇಂಗಾಲದ ಆರ್ಕ್ ದೀಪ ಹಿಡಿದು ನೋಡಿದರು, ಸಾಲಲಿಲ್ಲ. ಆಮೇಲೆ ಸೂರ್ಯನನ್ನೇ ಕರೆದರು. ಆಸ್ಪತ್ರೆಯ ಮಾಳಿಗೆಯ ಮೇಲೆ ಸೂರ್ಯನ ಹಿಂದೆಯೇ ತಿರುಗುವ ಕನ್ನಡಿ. ಅಲ್ಲಿಂದ ಬಿಸಿಲನ್ನು ಕೆಳಗಿಳಿಸುವ ಇನ್ನಷ್ಟು ಕನ್ನಡಿ, ಮಸೂರ. ತುದಿಯಲ್ಲಿ ರೋಗಿಯ ಹಿಗ್ಗಿಸಿದ ಪಾಪೆ. ವೈದ್ಯರು ನಡುವಿನ ಕನ್ನಡಿಯ ಸಣ್ಣ ಕಿಂಡಿಯಲ್ಲಿ ನೋಡುತ್ತ ಹರಿದ ಜಾಗಕ್ಕೆ ಬೆಳಕನ್ನು ಗುರಿ ಹಿಡಿಯಬೇಕು. ಅಕ್ಷಿಪಟಲ ಬಿಳಿಚಿದರೆ ಬೆಸುಗೆ ಬಿತ್ತು ಎಂದರ್ಥ. ಎಲ್ಲ ಸರಿ, ಹ್ಯಾಂಬರ್ಗಿನ ಆಕಾಶದಲ್ಲಿ ಮೋಡ ಸರಿಯಬೇಕಲ್ಲ! ಶಸ್ತ್ರಚಿಕಿತ್ಸೆಗೆ ಮುಹೂರ್ತ ಇಡುತ್ತಿದ್ದುದು ಹವೆ. ಇದರಿಂದ ಬೇಸತ್ತು ಅವರು ಝೈಸ್ ಕಂಪನಿಯ ಹನ್ಸ್ ಲಿಟ್‌ಮನ್ ಜೊತೆ ಸೇರಿ ಕ್ಸೆನಾನ್ ದೀಪದ ಯಂತ್ರವನ್ನು ಸಿದ್ಧಪಡಿಸಿದರು. 1950ರ ದಶಕದ ಕೊನೆಗೆ ಅದು ಜಗತ್ತಿನ ದೊಡ್ಡ ಕಣ್ಣಾಸ್ಪತ್ರೆಗಳನ್ನು ಸೇರಿತು. ಯಂತ್ರ ಕೈಗೆ ಬಂದ ಮೇಲೆ ಮಧುಮೇಹಿಗಳ ಕಣ್ಣಿನ ಮೇಲೂ ಪ್ರಯೋಗಿಸುವುದು ಸಹಜವಾಗಿತ್ತು.

ಇಲ್ಲಿ ಆ ಕಣ್ಣಿನೊಳಗೆ ಏನು ನಡೆಯುತ್ತದೆಂದು ನೋಡಬೇಕು. ವರ್ಷಗಟ್ಟಲೆ ಏರಿದ ಸಕ್ಕರೆ ಅಕ್ಷಿಪಟಲದ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗೋಡೆಯನ್ನು ಸಡಿಲ ಮಾಡುತ್ತದೆ. ಅಲ್ಲಲ್ಲಿ ಉಬ್ಬುತ್ತವೆ, ಸೋರುತ್ತವೆ. ಸೋರಿದ್ದು ನಡುವಿನ ಮ್ಯಾಕ್ಯುಲಾ ಭಾಗದಲ್ಲಿ ನಿಂತರೆ ಅಕ್ಷರ ಮಸುಕು, ಮುಖ ಮಸುಕು. ಇನ್ನು ಕೆಲವು ನಾಳಗಳು ಮುಚ್ಚಿಹೋಗುತ್ತವೆ. ಉಸಿರು ಸಿಗದ ಅಕ್ಷಿಪಟಲ ಹೊಸ ನಾಳಗಳನ್ನು ಚಿಗುರಿಸುತ್ತದೆ. ಆದರೆ ಅವು ನಲ್ಲಿಗೆ ನೀರು ಬಾರದ ಬಡಾವಣೆಯವರು ರಾತ್ರೋರಾತ್ರಿ ಎಳೆದುಕೊಂಡ ಕಳ್ಳ ಕೊಳವೆಗಳಂಥವು: ಬೇಡದ ಕಡೆ ಹಬ್ಬುತ್ತವೆ, ಸಣ್ಣ ಎಳೆತಕ್ಕೇ ಒಡೆಯುತ್ತವೆ. ಒಡೆದ ದಿನ ರೋಗಿಯ ಕಣ್ಣಿನೊಳಗೆ ಕಪ್ಪು ಎಳೆಗಳು ತೇಲಿ, ಆಮೇಲೆ ಪರದೆ ಬಿದ್ದುಬಿಡುತ್ತದೆ. ಅಲ್ಲಿ ಕಟ್ಟಿದ ನಾರು ಒಣಗಿ ಬಿಗಿಯುತ್ತ ಅಕ್ಷಿಪಟಲವನ್ನೇ ಕಿತ್ತು ಎತ್ತುತ್ತದೆ. ನೋವಿಲ್ಲ, ಕೆಂಪಿಲ್ಲ, ಹಿಂದಿನ ದಿನದವರೆಗೂ ರೋಗಿ ಪತ್ರಿಕೆ ಓದುತ್ತಿರಬಹುದು.

ಮೊದಮೊದಲು ಎಲ್ಲರೂ ಈ ಹೊಸ ನಾಳಗಳಿಗೇ ಗುರಿಯಿಟ್ಟು ಸುಟ್ಟರು. ಅವು ಇನ್ನಷ್ಟು ರಕ್ತ ಸುರಿಸಿದವು. ದಿಕ್ಕು ತಿರುಗಿದ್ದು ಬಾಸ್ಟನ್ನಿನ ಜಾಸ್ಲಿನ್ ಕ್ಲಿನಿಕ್ಕಿನಲ್ಲಿ. ವಿಲಿಯಂ ಬೀದಮ್ ಮತ್ತು ಲಾಯ್ಡ್ ಏಲೋ ಅಲ್ಲಿ ಸಾವಿರಾರು ಮಧುಮೇಹಿಗಳ ಕಣ್ಣು ನೋಡಿದ್ದರು. ಅವರ ಲಕ್ಷ್ಯಕ್ಕೆ ಬಂದ ಸಂಗತಿ ಇದು: ಯಾವುದೋ ಹಳೆಯ ಸೋಂಕಿನಿಂದ ಒಂದು ಕಣ್ಣಿನ ಅಕ್ಷಿಪಟಲದಲ್ಲಿ ಅಗಲವಾದ ಕಲೆಗಳು ಉಳಿದಿದ್ದರೆ, ಮಧುಮೇಹ ಆ ಕಣ್ಣನ್ನು ಬಿಟ್ಟು ಇನ್ನೊಂದು ಕಣ್ಣನ್ನು ಹಾಳುಮಾಡುತ್ತದೆ. ತೀವ್ರ ಸಮೀಪದೃಷ್ಟಿಯ ಕಣ್ಣೂ ಹೀಗೆಯೇ ಪಾರಾಗುತ್ತದೆ. ಅಂದರೆ ಅರ್ಧ ಹಾಳಾದ ಅಕ್ಷಿಪಟಲಕ್ಕೆ ಒಂದು ಬಗೆಯ ರಕ್ಷೆ ಇದೆ. ಹಾಗಿದ್ದರೆ ನಾವೇ ಕೈಯಾರೆ ಹಾಳುಮಾಡಿದರೆ?

ವೈದ್ಯಶಾಸ್ತ್ರದಲ್ಲಿ ಇಷ್ಟು ಎದೆಗಾರಿಕೆಯ ಪ್ರಶ್ನೆಗಳು ಕಡಿಮೆ. ಥಿಯೊಡೋರ್ ಮೈಮನ್ 1960ರಲ್ಲಿ ಮಾಣಿಕ್ಯದ ಲೇಸರನ್ನು ಬೆಳಗಿಸಿದ್ದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಅದನ್ನು ಮನುಷ್ಯರ ಕಣ್ಣಿಗೆ ಬಳಸಿಯೂ ಆಗಿತ್ತು. ಬೀದಮ್ ಮತ್ತು ಏಲೋ 1967ರಲ್ಲಿ ಆ ಲೇಸರ್ ಹಿಡಿದು, ನಡುಭಾಗವನ್ನು ಮುಟ್ಟದೆ, ಸುತ್ತಲಿನ ಅಕ್ಷಿಪಟಲದಲ್ಲಿ ನೂರಾರು ಚುಕ್ಕೆ ಸುಟ್ಟರು. ಹೊಸ ನಾಳಗಳನ್ನು ಮುಟ್ಟಲೇ ಇಲ್ಲ. ಎಷ್ಟೋ ಕಣ್ಣುಗಳಲ್ಲಿ ಅವು ತಾವಾಗಿ ಬಾಡಿದವು. ಏಕೆ ಎಂಬುದಕ್ಕೆ ಆಗ ಒಳ್ಳೆಯ ಉತ್ತರವಿರಲಿಲ್ಲ. ಬೆಳಕು ಹಿಡಿಯುವ ಕೋಶಗಳು ದೇಹದಲ್ಲೇ ಅತಿ ಹೆಚ್ಚು ಆಮ್ಲಜನಕ ಕುಡಿಯುವವುಗಳ ಸಾಲಿನಲ್ಲಿವೆ, ಅಂಚಿನ ಒಂದಷ್ಟನ್ನು ಕೊಂದರೆ ಉಳಿದವಕ್ಕೆ ಸಾಲುತ್ತದೆ ಎಂಬ ವಿವರಣೆ ಗಟ್ಟಿಯಾದದ್ದು ಆಮೇಲೆ. 1968ರಲ್ಲಿ ಫ್ರಾನ್ಸಿಸ್ ಲೆಸ್ಪೆರಾನ್ಸ್ ಆರ್ಗಾನ್ ಲೇಸರನ್ನು ತಂದ ಮೇಲೆ ಕೆಲಸ ಹೆಚ್ಚು ನಾಜೂಕಾಯಿತು.

ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ವರ್ಜೀನಿಯಾದ ಏರ್ಲಿ ಹೌಸ್ ಎಂಬಲ್ಲಿ ಈ ರೋಗವನ್ನು ಬಲ್ಲವರೆಲ್ಲ ಕೂಡಿದರು. ಪಿಟ್ಯುಟರಿ ಕೀಳುವವರು ಒಂದು ಕಡೆ, ಸುಡುವವರು ಒಂದು ಕಡೆ. ಪ್ರತಿಯೊಬ್ಬರ ಚೀಲದಲ್ಲೂ ತಮ್ಮ ಪದ್ಧತಿ ಗೆದ್ದ ಕಣ್ಣುಗಳ ಫೋಟೋ. ಒಬ್ಬರು ತೀವ್ರ ಎಂದದ್ದು ಇನ್ನೊಬ್ಬರಿಗೆ ಮಧ್ಯಮ. ಹೋಲಿಸಲು ಅಳತೆಗೋಲೇ ಇಲ್ಲ. ಅಲ್ಲಿ ಯಾರೂ ಗೆಲ್ಲಲಿಲ್ಲ. ಆದರೆ ಮಾದರಿ ಛಾಯಾಚಿತ್ರಗಳಿಗೆ ಹೋಲಿಸಿ ರೋಗದ ಮಟ್ಟವನ್ನು ಗುರುತಿಸುವ ಒಂದು ಒಪ್ಪಿತ ಪದ್ಧತಿ ಹುಟ್ಟಿತು. ಸಭೆಯ ಹೆಚ್ಚಿನ ಫಲ ಅದೇ ಎಂದು ನನ್ನ ಎಣಿಕೆ. ಅಳತೆ ಸಿಕ್ಕ ಮೇಲಷ್ಟೇ ನಿಜವಾದ ಪರೀಕ್ಷೆ ಸಾಧ್ಯವಾಯಿತು.

ಆ ಪರೀಕ್ಷೆಯನ್ನು ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆ 1970ರ ದಶಕದ ಆರಂಭದಲ್ಲಿ ಹದಿನೈದು ಕೇಂದ್ರಗಳಲ್ಲಿ ಶುರುಮಾಡಿತು. 1,700ಕ್ಕೂ ಹೆಚ್ಚು ರೋಗಿಗಳು. ಪ್ರತಿಯೊಬ್ಬರ ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆ. ಯಾವ ಕಣ್ಣು ಎಂಬುದನ್ನು ವೈದ್ಯರಾಗಲಿ ರೋಗಿಯಾಗಲಿ ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟದ್ದು. ಇನ್ನೊಂದು ಕಣ್ಣನ್ನು ಸುಮ್ಮನೆ ಕಾಯುವುದು. ಕೇಳಲು ಕ್ರೂರ. ಆದರೆ ಅಂದು ಸುಡುವುದರಿಂದ ಒಳಿತೇ ಆಗುತ್ತದೆಂದು ಎದೆ ಮುಟ್ಟಿ ಹೇಳಬಲ್ಲವರಿರಲಿಲ್ಲ. ಸುಟ್ಟ ಕಣ್ಣೇ ಮೊದಲು ಹೋಗುವ ಸಾಧ್ಯತೆಯೂ ಇತ್ತು. 1976ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ದೃಷ್ಟಿ ಪೂರಾ ಕುಸಿಯುವ ಪ್ರಮಾಣ ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದಿತ್ತು. ನಿಯಮವನ್ನೇ ಬದಲಿಸಿ, ಹಾಗೇ ಬಿಟ್ಟಿದ್ದ ಕಣ್ಣುಗಳಿಗೂ ಚಿಕಿತ್ಸೆ ಕೊಡಲು ಅನುಮತಿಸಿದರು. ಪಿಟ್ಯುಟರಿ ಕೀಳುವುದು ಕೆಲವೇ ವರ್ಷಗಳಲ್ಲಿ ನಿಂತಿತು.

ಸುಡುವುದಕ್ಕೂ ಬೆಲೆ ಉಂಟು. ರೋಗಿಯ ಗಲ್ಲ ಯಂತ್ರದ ಪಟ್ಟಿಯ ಮೇಲೆ, ಹಣೆ ಬಿಗಿಯಾಗಿ ಒತ್ತಿದೆ. ಕಣ್ಣಿಗೆ ಮರಗಟ್ಟಿಸುವ ಹನಿ, ಅದರ ಮೇಲೆ ಅಂಟುದ್ರವ ಸವರಿದ ಗಾಜಿನ ಮಸೂರ. ವೈದ್ಯರ ಕಾಲು ಪೆಡಲ್ ಒತ್ತಿದಾಗಲೆಲ್ಲ ಟಕ್ ಎಂಬ ಸದ್ದು, ಹಸಿರು ನೀಲಿ ಮಿಂಚು. ಅಕ್ಷಿಪಟಲದ ಮೇಲೆ ಅರ್ಧ ಮಿಲಿಮೀಟರ್ ಅಗಲದ ಬೂದು ಬಿಳಿ ಚುಕ್ಕೆ. ಇಂಥವು ಸಾವಿರಕ್ಕೂ ಮೇಲೆ. ಮಧ್ಯೆ ಒಂದೊಂದು ಚುಕ್ಕೆ ನರದ ಮೇಲೆ ಬಿದ್ದರೆ ಕಣ್ಣಿನಾಳದಲ್ಲಿ ಚುಳ್ಳೆನ್ನುತ್ತದೆ. ಮುಗಿದ ಮೇಲೆ ರೋಗಿ ಎದುರಿನ ಮುಖವನ್ನು ಕಾಣಬಲ್ಲ, ಆದರೆ ಪಕ್ಕದಿಂದ ಬರುವ ಸ್ಕೂಟರ್ ಕಾಣುವುದು ತಡ. ಮಬ್ಬುಗತ್ತಲಲ್ಲಿ ಮೆಟ್ಟಿಲು ತಡಕುತ್ತಾನೆ. ಅಂಚನ್ನು ಕೊಟ್ಟು ನಡುವನ್ನು ಉಳಿಸಿಕೊಳ್ಳುವ ವ್ಯಾಪಾರ ಇದು. ಮ್ಯಾಕ್ಯುಲಾ ಸೋರುವವರಿಗೆ ಸೋರುವ ಬಿಂದುಗಳನ್ನಷ್ಟೇ ಹಗುರವಾಗಿ ಸುಡುವ ಪದ್ಧತಿ ಕೆಲಸ ಮಾಡುತ್ತದೆಂದು 1985ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ತೋರಿಸಿತು. ಅಲ್ಲೂ ಸಿಕ್ಕದ್ದು ಇರುವ ದೃಷ್ಟಿಯ ರಕ್ಷಣೆ; ಹೋದದ್ದು ಮರಳಿದ್ದು ಅಪರೂಪ.

ಆಗಲೇ ರಕ್ತ ತುಂಬಿದ ಕಣ್ಣಿಗೆ ಲೇಸರ್ ನಿರುಪಯೋಗಿ, ಬೆಳಕು ಒಳಹೋಗುವುದೇ ಇಲ್ಲ. ಅಂಥವರಿಗೆ ದಾರಿ ತೋರಿಸಿದವರು ಮಯಾಮಿಯ ರಾಬರ್ಟ್ ಮಾಹೆಮರ್. ಕಣ್ಣಿನ ಒಳಗಿನ ಲೋಳೆಯನ್ನು ಮುಟ್ಟಿದರೆ ಕಣ್ಣೇ ಹೋದಂತೆ ಎಂದು ಗುರುಗಳೆಲ್ಲ ಹೇಳಿಕೊಡುತ್ತಿದ್ದ ಕಾಲ. ಅವರು ಮನೆಯ ಗ್ಯಾರೇಜಿನಲ್ಲಿ ಮೊಟ್ಟೆಯ ಬಿಳಿಯನ್ನು ಕಣ್ಣಿನ ಲೋಳೆಯೆಂದು ಭಾವಿಸಿ, ಕತ್ತರಿಸುತ್ತಲೇ ಹೀರುವ ಪುಟ್ಟ ಉಪಕರಣವನ್ನು ಪಳಗಿಸಿದರು. 1970ರಲ್ಲಿ ಮಧುಮೇಹದಿಂದ ಕಣ್ಣಿನೊಳಗೆ ರಕ್ತ ನಿಂತಿದ್ದ ರೋಗಿಯ ಮೇಲೆ ಅದನ್ನು ಪ್ರಯೋಗಿಸಿ ಗೆದ್ದರು.

ಇಷ್ಟೆಲ್ಲ ನಡೆಯುವಾಗ ಒಂದು ಹಳೆಯ ಊಹೆ ಮೂಲೆಯಲ್ಲಿ ಬಿದ್ದಿತ್ತು. ಉಸಿರುಗಟ್ಟಿದ ಅಕ್ಷಿಪಟಲ ಏನೋ ಒಂದು ರಾಸಾಯನಿಕವನ್ನು ಸುರಿಸಿ ಹೊಸ ನಾಳಗಳನ್ನು ಕರೆಯುತ್ತಿರಬೇಕು ಎಂದು ಕಣ್ಣಿನ ವೈದ್ಯ ಐಸಾಕ್ ಮೈಕಲ್ಸನ್ 1948ರಲ್ಲೇ ಬರೆದಿದ್ದರು. ಹುಡುಕಾಟ ಹಣ್ಣಾಗಲು ನಾಲ್ಕು ದಶಕ ಹಿಡಿಯಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿಯ ನೆಪೋಲಿಯೋನೆ ಫೆರಾರಾ ತಂಡ ರಕ್ತನಾಳ ಬೆಳೆಸುವ ಒಂದು ಪ್ರೋಟೀನನ್ನು ಬೇರ್ಪಡಿಸಿತು. ಅದಕ್ಕಿಟ್ಟ ಚಿಕ್ಕ ಹೆಸರು ವಿಇಜಿಎಫ್. ಮಧುಮೇಹಿಗಳ ಕಣ್ಣಿನ ದ್ರವದಲ್ಲಿ ಅದು ಏರಿರುತ್ತದೆ, ಲೇಸರ್ ಯಶಸ್ವಿಯಾದ ಮೇಲೆ ಇಳಿಯುತ್ತದೆ ಎಂದು 1994ರಲ್ಲಿ ತೋರಿಸಿದ ತಂಡದ ಮುಂಚೂಣಿಯಲ್ಲಿದ್ದವರು ಲಾಯ್ಡ್ ಪಾಲ್ ಏಲೋ. ಬಾಸ್ಟನ್ನಿನಲ್ಲಿ ಕಣ್ಣಿಗೆ ಚುಕ್ಕೆ ಸುಟ್ಟ ಏಲೋ ಅವರ ಮಗ. ತಂದೆ ಕಣ್ಣಳತೆಯಲ್ಲಿ ಕಂಡದ್ದಕ್ಕೆ ಮಗ ಕಾರಣ ಕೊಟ್ಟ ಉದಾಹರಣೆ ಎಲ್ಲೆಲ್ಲೂ ಸಿಗುವಂಥದ್ದಲ್ಲ.

ಈ ಹೊತ್ತಿಗೆ ಮುಪ್ಪಿನ ರೋಗವೊಂದು ಕಥೆಯೊಳಕ್ಕೆ ಬರುತ್ತದೆ. ವಯಸ್ಸಾದವರಲ್ಲಿ ಮ್ಯಾಕ್ಯುಲಾದ ಅಡಿಯಿಂದ ಕೆಟ್ಟ ನಾಳಗಳು ಬೆಳೆದು ಸೋರಿದರೆ, ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ, ಓದುವ ಸಾಲಿನ ನಡುವಿನ ಅಕ್ಷರಗಳು ನುಂಗಿಹೋಗುತ್ತವೆ. ಇಲ್ಲಿ ಸುಡಬೇಕಾದ ಜಾಗವೇ ನೋಡುವ ಜಾಗ, ಸುಟ್ಟರೆ ಉಳಿಸುವುದೇನು? ಆದ್ದರಿಂದ ವಿಇಜಿಎಫ್ ತಡೆಯುವ ಮದ್ದನ್ನು ಮೊದಲು ಕಾದು ಕೂತವರು ಈ ಅಜ್ಜ ಅಜ್ಜಿಯರು. ಜೆನೆಂಟೆಕ್ ಕಂಪನಿಯ ಅವಾಸ್ಟಿನ್‌ಗೆ ಕರುಳಿನ ಕ್ಯಾನ್ಸರಿನ ಮದ್ದಾಗಿ 2004ರಲ್ಲಿ ಮಂಜೂರಾತಿ ಸಿಕ್ಕಿತ್ತು. ಕಣ್ಣಿಗೆಂದು ಅದೇ ಕಂಪನಿ ಲೂಸೆಂಟಿಸ್ ಎಂಬ ಬೇರೆ ಮದ್ದನ್ನು ಸಿದ್ಧಪಡಿಸುತ್ತಿತ್ತು. ಅದು ಬರುವವರೆಗೆ ರೋಗಿಗಳ ಕಣ್ಣು ಕಾಯುವುದಿಲ್ಲವಲ್ಲ. 2005ರಲ್ಲಿ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಕ್ಯಾನ್ಸರಿನ ಮದ್ದನ್ನೇ ಹನಿಯಷ್ಟು ತೆಗೆದು ಕಣ್ಣಿಗೆ ಚುಚ್ಚಿದರು. ಊತ ಇಳಿಯಿತು. ಸುದ್ದಿ ಕೆಲವೇ ತಿಂಗಳಲ್ಲಿ ಲೋಕ ಸುತ್ತಿತು. ಮರುವರ್ಷ ಲೂಸೆಂಟಿಸ್ ಬಂತು: ಪರೀಕ್ಷೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳ ದೃಷ್ಟಿ ಗಣನೀಯವಾಗಿ ಮರಳಿತು. ಉಳಿಸುವುದಷ್ಟೇ ಅಲ್ಲ, ಕಳೆದದ್ದನ್ನು ವಾಪಸು ತರುವುದೂ ಸಾಧ್ಯವಾಗಿತ್ತು.

ಬೆಲೆ? ಆಗ ಲೂಸೆಂಟಿಸ್ ಒಂದು ಚುಚ್ಚುಮದ್ದಿಗೆ ಸುಮಾರು 2,000 ಡಾಲರ್ ಇತ್ತು. ಒಂದು ಸೀಸೆ ಅವಾಸ್ಟಿನ್ನನ್ನು ಹಲವರಿಗೆ ಹಂಚಿ ಕೊಟ್ಟರೆ ತಲಾ ಸುಮಾರು 50 ಡಾಲರ್ ಬೀಳುತ್ತಿತ್ತು. ಎರಡೂ ಒಂದೇ ಕಂಪನಿಯವು. ಅಗ್ಗದ್ದನ್ನು ಕಣ್ಣಿನ ಮೇಲೆ ಪರೀಕ್ಷಿಸುವ ಉತ್ಸಾಹ ಕಂಪನಿಗಿರಲಿಲ್ಲ ಎಂದರೆ ಆಶ್ಚರ್ಯವೇನೂ ಇಲ್ಲ. ಸರ್ಕಾರದ ಹಣದಲ್ಲೇ ಪರೀಕ್ಷೆ ನಡೆಯಬೇಕಾಯಿತು. ದೃಷ್ಟಿಯ ಮಟ್ಟಿಗೆ ಎರಡೂ ಸಮಸಮ ಎಂದು 2011ರಲ್ಲಿ ತಿಳಿಯಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಾಸ್ಟಿನ್ನಿನ ಮೂಲ ಔಷಧವನ್ನು ಕಣ್ಣಿಗೆ ಅತ್ಯಗತ್ಯ ಎಂದು ಪಟ್ಟಿಗೆ ಸೇರಿಸಿತು. 2015ರಲ್ಲಿ ಭಾರತದ ಇಂಟಾಸ್ ಕಂಪನಿ ಲೂಸೆಂಟಿಸ್‌ಗೆ ಸಮಾನವಾದ ಅಗ್ಗದ ಮದ್ದನ್ನು ಹೊರತಂದಿತು.

ನಮ್ಮ ನಾಡಿನ ಮಾತಿಗೆ ಬಂದರೆ, ಕನ್ನಡಿಗರ ನೆನಪಿನ ಕಣ್ಣಿನ ಚಿಕಿತ್ಸೆ ಎಂದರೆ ಪೊರೆ ತೆಗೆಯುವುದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರು ತಿರುಗಿ ಶಾಲೆ, ಛತ್ರಗಳಲ್ಲಿ ಸಾಲಾಗಿ ಮಲಗಿಸಿ ಆಪರೇಷನ್ ಮಾಡಿದರು. ಒಂದೇ ದಿನ 833 ಆಪರೇಷನ್ ಮಾಡಿದ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. ಬೆಂಗಳೂರಿನಲ್ಲಿ ಅವರ ಆಸ್ಪತ್ರೆಯ ಹೆಸರಿನ ರಸ್ತೆಯೇ ಇದೆ. ಪೊರೆಗೆ ಆ ಶಿಬಿರ ಹೇಳಿ ಮಾಡಿಸಿದ್ದು: ಕಾಣದವರು ತಾವಾಗಿ ಬರುತ್ತಾರೆ, ಪಟ್ಟಿ ಬಿಚ್ಚಿದರೆ ಕಾಣುತ್ತದೆ. ಸಕ್ಕರೆ ಕಾಯಿಲೆಯ ಕಣ್ಣಿಗೆ ಈ ಲೆಕ್ಕ ನಡೆಯದು. ಚೆನ್ನಾಗಿ ಕಾಣುತ್ತಿರುವವರನ್ನೇ ಕರೆತಂದು ಪರೀಕ್ಷಿಸಬೇಕು. ಕಾಣದಾದ ಮೇಲೆ ಬಂದರೆ ಬಹುಪಾಲು ಕೆಲಸ ಕೆಟ್ಟಿರುತ್ತದೆ. ದೇಶದಲ್ಲಿ ಹತ್ತು ಕೋಟಿ ಮಧುಮೇಹಿಗಳಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಅಷ್ಟು ಜನರ ಕಣ್ಣಿನೊಳಗೆ ಇಣುಕಲು ತಜ್ಞರು ಎಲ್ಲಿಂದ ಬರಬೇಕು? ಬೆಂಗಳೂರಿನ ಫೋರಸ್ ಕಂಪನಿ ತಂತ್ರಜ್ಞರೇ ಚಿತ್ರ ತೆಗೆಯಬಲ್ಲ ತ್ರಿನೇತ್ರ ಕ್ಯಾಮೆರಾ ಮಾಡಿದ್ದು ಈ ಕೊರತೆಯನ್ನು ಕಂಡೇ. ಅಕ್ಷಿಪಟಲದ ಚಿತ್ರ ನೋಡಿ ರೋಗ ಗುರುತಿಸಲು ಗೂಗಲ್ ಕಂಪ್ಯೂಟರಿಗೆ ಕಲಿಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರ ಒದಗಿಸಿದ ಮೂರು ಭಾರತೀಯ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು.

ವಿಇಜಿಎಫ್ ತಡೆಯುವ ಇಂಜೆಕ್ಷನ್ ಮಧುಮೇಹಿಗಳ ಕಣ್ಣಿಗೂ ಬಂದ ಮೇಲೆ ಲೇಸರ್ ಮೂಲೆ ಸೇರುತ್ತದೆ ಎಂದೇ ಹಲವರು ಎಣಿಸಿದ್ದರು. ಹೊಸ ನಾಳ ಚಿಗುರಿದ ಕಣ್ಣುಗಳಲ್ಲಿ ಇಂಜೆಕ್ಷನ್ ಲೇಸರಿಗೆ ಕಡಿಮೆಯಿಲ್ಲ, ಪಕ್ಕದ ನೋಟವೂ ಉಳಿಯುತ್ತದೆ ಎಂದು 2015ರ ಅಮೆರಿಕದ ಅಧ್ಯಯನ ಹೇಳಿತು. ಆದರೆ ಚುಚ್ಚಿದ ಮದ್ದಿನ ಬಲ ಕೆಲವು ವಾರ ಮಾತ್ರ. ಚಿಕಿತ್ಸೆ ನಡುವೆಯೇ ಬಿಟ್ಟು ತಿಂಗಳುಗಟ್ಟಲೆ ಬಾರದೆ ಹೋದವರನ್ನು ಆಮೇಲೆ ಹುಡುಕಿ ನೋಡಿದಾಗ, ಲೇಸರ್ ಮಾಡಿಸಿಕೊಂಡಿದ್ದವರ ಕಣ್ಣು ಹೆಚ್ಚುಕಡಿಮೆ ನಿಂತಿತ್ತು. ಬರೀ ಇಂಜೆಕ್ಷನ್ ನಂಬಿದ್ದವರಲ್ಲಿ ಅಕ್ಷಿಪಟಲ ಕಿತ್ತು ಬಂದ ಪ್ರಕರಣಗಳು ಹೆಚ್ಚು. ಹೀಗಾಗಿ ರಾಯಚೂರಿನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಕೂಲಿ ಬಿಟ್ಟು ಬಂದವರು ತಿಂಗಳು ತಿಂಗಳು ಬಸ್ ಹತ್ತಿ ಬರಲಾರರು ಎಂದು ಕಂಡರೆ, ಅವರನ್ನು ಮೊದಲು ಲೇಸರ್ ಯಂತ್ರದ ಮುಂದೆ ಕೂರಿಸುವ ವೈದ್ಯರ ಲೆಕ್ಕಾಚಾರ ಸರಿಯಾದದ್ದೇ.